ಖಾಲಿ ಶೀಟು

ಬಂಗಾರಪೇಟೆಯ ಸುಬ್ಬರಾಯಪ್ಪ ಔಷಧಿಯ ಹೋಲ್‌ಸೇಲ್ ವ್ಯಾಪಾರಿ. ರಕ್ತದ ಕ್ಯಾನ್ಸರಿನ ಒಂದು ಮಾತ್ರೆಯನ್ನು ಬಡವರಿಗೆ ಕಾಲು ಬೆಲೆಗೆ ಕೊಡಲು ಹೊರಟ ಕಂಪನಿ, ಹಂಚುವ ಕೆಲಸವನ್ನು ಅವನ ತಲೆಗೆ ಕಟ್ಟಿತ್ತು. ಅಂಗಡಿಯಲ್ಲಿ ಎರಡು ಬೀರು. ಒಂದರಲ್ಲಿ ಪೂರ್ತಿ ಬೆಲೆಯ ಮಾತ್ರೆ, ಇನ್ನೊಂದರಲ್ಲಿ ರಿಯಾಯಿತಿಯದು. ಮಾತ್ರೆ ಒಂದೇ; ರಿಯಾಯಿತಿಯ ಡಬ್ಬಿಯ ಮೇಲೆ ರೋಗಿಯ ಹೆಸರಿನ ಚೀಟಿ ಮಾತ್ರ ಹೆಚ್ಚು. ಯಾರೂ ಕದ್ದು ಮಾರಿಕೊಳ್ಳದಿರಲಿ ಎಂದು ಕಂಪನಿ ಒಂದು ಕಟ್ಟಳೆ ಮಾಡಿತ್ತು: ಹೋದ ತಿಂಗಳು ನುಂಗಿದ ಮಾತ್ರೆಗಳ ಖಾಲಿ ಶೀಟು ತಂದರೇನೇ ಈ ತಿಂಗಳ ಮಾತ್ರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಆ ಪೂಜಾರಿ ಇವನೇ ನೋಡಿ.

ಕ್ಯಾಸಂಬಳ್ಳಿ ಕಡೆಯ ಅಮ್ಮಾಜಮ್ಮ ಮಗ ಮುನಿರಾಜನ ಮಾತ್ರೆಗೆ ತಿಂಗಳು ತಿಂಗಳೂ ಬರುತ್ತಿದ್ದಳು. ಖಾಲಿ ಶೀಟುಗಳನ್ನು ಸೆರಗಿನಲ್ಲಿ ಕಟ್ಟಿ ತರುವಳು. ಆ ಸಲ ಬರಿಗೈಯಲ್ಲಿ ಬಂದಳು. ಮುಖದ ತುಂಬ ನಗು.

"ಮುನಿರಾಜ ಎದ್ದು ಓಡಾಡ್ತಾವ್ನೆ ಕಣಣ್ಣಾ! ಡೈರಿಗೆ ಆಲು ತಕ್ಕೊಂಡು ಅವ್ನೇ ಓದ. ಕಂಡೋರೆಲ್ಲ ಬಾಯಿ ಬಿಟ್ಕೊಂಡು ನೋಡಿದ್ರು."

"ಸಂತೋಸ ಅಕ್ಕಾ. ಶೀಟು ಎಲ್ಲಿ?"

"ದಿಷ್ಟಿ ತೆಗೆದ್ಬಿಟ್ಟೆ. ಉಪ್ಪು ಮೆಣಸಿನಕಾಯಿ ಜತೆ ಆ ಶೀಟೆಲ್ಲ ನೀವಾಳ್ಸಿ ಒಲೆಗಾಕ್ದೆ. ಒಂಚೂರೂ ಘಾಟು ಬರ್ಲಿಲ್ಲ ಕಣಣ್ಣಾ, ಅಂಗಿತ್ತು ದಿಷ್ಟಿ! ಇಷ್ಟು ದಿನ ತಂದು ಕೊಟ್ಟಿವ್ನಿ, ಒಂದ್ಸಲ ನನ್ ಮಾತು ನಂಬಾಕಿಲ್ವಾ?"

ಸುಬ್ಬರಾಯಪ್ಪ ತಲೆಯ ಮೇಲೆ ಕೈಹೊತ್ತು ಕುಳಿತ. ಅವನೇನೋ ನಂಬುತ್ತಿದ್ದ, ಕಂಪನಿ ನಂಬಬೇಕಲ್ಲ. ಪಕ್ಕದ ತಾಲೂಕಿನ ವ್ಯಾಪಾರಿಯೊಬ್ಬ ಹೀಗೇ ಕರುಣೆ ತೋರಿಸಿ ರಿಯಾಯಿತಿಯ ಯೋಜನೆಯನ್ನೇ ಕಳೆದುಕೊಂಡಿದ್ದ. ಇವನ ಕೈ ನಂಬಿಕೊಂಡು ಕಾಮಸಮುದ್ರದಿಂದ ಕೆಜಿಎಫ್‌ವರೆಗೆ ಎಷ್ಟೋ ಮನೆಗಳಿದ್ದವು.

"ಕಂಪನಿಗೆ ಕೇಳ್ತೀನಕ್ಕಾ. ಮೂರ್ನಾಕು ದಿನದಾಗೆ ಉತ್ರ ಬತ್ತೈತೆ, ಫೋನ್ ಮಾಡ್ತೀನಿ."

"ಒಂದು ದಿನಾನೂ ಬಿಡ್ಬಾರ್ದು ಅಂದವ್ರೆ ಡಾಕ್ಟ್ರು..."

"ಗೊತ್ತಕ್ಕಾ."

ಗೊತ್ತಿದ್ದೂ ಕಳಿಸಿದ. ಪೂರ್ತಿ ಬೆಲೆಯ ಬೀರುವಿನಿಂದ ತನ್ನ ಖರ್ಚಿನಲ್ಲೇ ಒಂದು ಶೀಟು ಕೊಡಬಹುದಿತ್ತು. ಆ ಯೋಚನೆ ಬರಲಿಲ್ಲವೆಂದಲ್ಲ, ಬಂತು. ನಾಳೆಯೇ ಒಪ್ಪಿಗೆ ಬಂದರೆ ಸುಮ್ಮನೆ ನಷ್ಟವಾಗುತ್ತದಲ್ಲ ಎಂಬ ವ್ಯಾಪಾರಿ ಬುದ್ಧಿ ಅದರ ಬೆನ್ನಿಗೇ ಬಂತು. ಸುಡುಗಾಡು ಬುದ್ಧಿ!

ಕಂಪನಿಯವರು ಬೆಂಗಳೂರಿನ ಕಚೇರಿಯಲ್ಲಿ ಕೇಳಿ ಎಂದರು, ಬೆಂಗಳೂರಿನವರು ಮುಂಬಯಿಗೆ ಬರೆಯಿರಿ ಎಂದರು. ಮುಂಬಯಿಯಲ್ಲಿ ಸಂಬಂಧಪಟ್ಟವರು ರಜೆಯಲ್ಲಿದ್ದರು. ಅಮ್ಮಾಜಮ್ಮ ಮೊದಮೊದಲು ದಿನವೂ ಫೋನ್ ಮಾಡಿದಳು, ಆಮೇಲೆ ಅಪರೂಪಕ್ಕೆ, ಆಮೇಲೆ ಅದೂ ಇಲ್ಲ. ಎಲ್ಲೋ ಹೊಂದಿಸಿಕೊಂಡಿರಬೇಕು ಎಂದು ಸುಬ್ಬರಾಯಪ್ಪ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಒಪ್ಪಿಗೆ ಬರುವ ಹೊತ್ತಿಗೆ ಎರಡನೆಯ ತಿಂಗಳು ಮುಗಿಯುತ್ತಿತ್ತು. ಫೋನ್ ಮಾಡಿದರೆ "ಬತ್ತೀನಣ್ಣಾ" ಎಂದಷ್ಟೇ ಅಂದಳು. ಮರುದಿನ ಬಂದವಳ ಮುಂದೆ ಅವನು ಹಿಗ್ಗಿನಿಂದ ಡಬ್ಬಿಗಳನ್ನಿಟ್ಟ.

"ಒಪ್ಕೊಂಡ್ರು ಅಕ್ಕಾ! ಎಲ್ಡು ತಿಂಗಳದ್ದೂ ಒಟ್ಟಿಗೇ ಐತೆ."

ಅವಳು ಚೀಟಿಯ ಮೇಲೆ ಬೆರಳಾಡಿಸಿದಳು. "ಇದ್ರಾಗೆ ನಮ್ಮುಡುಗನ ಎಸ್ರೈತಾ?"

"ಐತಕ್ಕಾ. ಮುನಿರಾಜ್ ಅಂತ."

"ಓದ ವಾರ ಮಣ್ಣು ಮಾಡಿದ್ವಿ," ಎಂದಳು. "ಮಾತ್ರೆ ಇಲ್ಲ ಅಂತ ಅವುನ್ಗೆ ಏಳ್ಲೇ ಇಲ್ಲ ಕಣಣ್ಣಾ. ಎದೆ ಒಡ್ಕೊತಾನೆ ಅಂತ ಸಕ್ತಿ ಮಾತ್ರೆ ತಂದು ಕೊಡ್ತಿದ್ದೆ. ನಂಬಿ ನುಂಗ್ದ. ಆ ಶೀಟಿನ ಜತೆ ನನ್ ಕೈಯಾಗೇ ಸುಟ್ಟಾಕ್ಬಿಟ್ಟೆ ನನ್ ಮಗನ್ನ."

"ನೀನಲ್ಲಕ್ಕಾ..." ಎಂದ ಸುಬ್ಬರಾಯಪ್ಪ. 'ನಾನು' ಎನ್ನಬೇಕಿತ್ತು, ಎನ್ನಲಾಗಲಿಲ್ಲ.

ಅಮ್ಮಾಜಮ್ಮ ಕಣ್ಣೊರೆಸಿಕೊಂಡು ಡಬ್ಬಿಗಳನ್ನು ಅವನ ಕಡೆಗೇ ತಳ್ಳಿದಳು. "ಇಂಥ ಕಾಯ್ಲೆ ಇರೋ ಇನ್ಯಾರ್ದಾದ್ರೂ ಮಗನ್ಗೆ ಕೊಡಣ್ಣಾ. ಅವ್ನಾದ್ರೂ ಬದುಕ್ಕೊಳ್ಲಿ."

"ಕೊಡ್ತೀನಕ್ಕಾ."

ಒಬ್ಬರ ಹೆಸರಿಗೆ ಬಂದ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡುವಂತಿರಲಿಲ್ಲ. ಅವಳು ಬಸ್ಸು ಹತ್ತಿದ ಮೇಲೆ ಸುಬ್ಬರಾಯಪ್ಪ ಅಂಗಡಿಯ ಬಾಗಿಲು ಎಳೆದುಕೊಂಡು ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಎದ್ದು ಮುಖ ತೊಳೆದುಕೊಂಡು, ಮುನಿರಾಜನ ಡಬ್ಬಿಗಳನ್ನು ಕಂಪನಿಗೆ ವಾಪಸು ಪಾರ್ಸಲ್ ಕಟ್ಟಿದ.