ಕೊಟ್ಟಾರದ ಕೇಬಲ್ಲಿಗೆ ಮೀನಿನ ಸೆನ್ಸರ್

ಕೊಟ್ಟಾರದ ರಸ್ತೆಯಡಿ ಹೂತ ಕರೆಂಟಿನ ಕೇಬಲ್ ಒಂದೇ ಬೇಸಿಗೆಯಲ್ಲಿ ಮೂರು ಸಲ ಸುಟ್ಟಿತು. ಮೂರೂ ಸಲ ಬೈಗುಳ ತಿಂದದ್ದು ಸೆಕ್ಷನ್ ಆಫೀಸಿನ ಇಂಜಿನಿಯರ್ ಆಶಾಲತಾ. ಮಣ್ಣಿನೊಳಗೆ ಎರಡು ಕೇಬಲ್ ಬೆಸೆದ ಜಾಯಿಂಟ್ ಬಿಸಿಯಾದದ್ದು ಹೊಗೆ ಎದ್ದ ಮೇಲೆಯೇ ಗೊತ್ತಾಗುತ್ತಿತ್ತು. ಕೇಬಲ್ಲಿನ ಬಿಸಿ ಅಳೆಯುವ ವಿದೇಶಿ ಯಂತ್ರದ ಫೈಲು ಮೇಲಧಿಕಾರಿ ಸರ್ವೋತ್ತಮರ ಕಪಾಟಿನಲ್ಲಿ ನಾಲ್ಕು ವರ್ಷದಿಂದ ತಣ್ಣಗೆ ಮಲಗಿತ್ತು.

ಅವಳಿಗೆ ದಾರಿ ಸಿಕ್ಕಿದ್ದು ಪಡೀಲಿನ ರಿಯಾಝನ ಅಂಗಡಿಯಲ್ಲಿ. ಮೀನಿನ ಕೋಲ್ಡ್ ಸ್ಟೋರೇಜುಗಳಿಗೆ ಅವನು ಬೆರಳುದ್ದದ ಸೆನ್ಸರ್ ಕೂರಿಸಿಕೊಡುತ್ತಿದ್ದ. ಒಳಗೆ ಬಿಸಿ ಏರಿದರೆ ಮಾಲೀಕನ ಮೊಬೈಲಿಗೆ ಮೆಸೇಜು.

"ಇದು ಕೇಬಲ್ಲಿಗೆ ಆಗ್ತದಾ?"

"ಬಂಗುಡೆ ಮೀನಿಗೆ ಆಗ್ತದೆ, ಕೇಬಲ್ಲಿಗೆ ಎಂತಕ್ಕೆ ಆಗುದಿಲ್ಲ ಮೇಡಂ? ಅದು ನಾರುದೂ ಇಲ್ಲ."

ಮೂರನೆಯ ಸಲದ ದುರಸ್ತಿಯಲ್ಲಿ ಜಾಯಿಂಟಿಗೆ ಸೆನ್ಸರ್ ಕಟ್ಟಿ ಗುಂಡಿ ಮುಚ್ಚಿಸಿದಳು. ಖರ್ಚು, ಆಫೀಸಿನ ಎರಡು ದಿನದ ಚಾ-ಗೋಳಿಬಜೆಯಷ್ಟು.

ಸರ್ವೋತ್ತಮರು ಹೌಹಾರಿದರು. "ಇಷ್ಟು ಚೀಪಾ? ಇದಕ್ಕೆ ಟೆಂಡರೇ ಕರೀಲಿಕ್ಕೆ ಆಗುದಿಲ್ಲ. ಟೆಂಡರ್ ಇಲ್ಲದ್ದನ್ನು ಯೋಜನೆ ಅಂತ ಹೇಗೆ ಹೇಳುದು? ತೆಗೀರಿ ಅದನ್ನು."

"ರಸ್ತೆ ಅಗೆಯಬೇಕಾಗ್ತದೆ ಸರ್. ಪಾಲಿಕೆಯ ಪರ್ಮಿಶನ್ ಬೇಕು."

"ಬರೀರಿ."

ಬರೆದಳು. ಉತ್ತರ ಬರಲಿಲ್ಲ. ಸರ್ಕಾರಿ ವಿಳಂಬಕ್ಕೆ ಅವಳು ಮನಸಾರೆ ಕೈಮುಗಿದದ್ದು ಅದೇ ಮೊದಲು.

ಮುಂದಿನ ಏಪ್ರಿಲಿನಲ್ಲಿ ವಿದೇಶಿ ಯಂತ್ರದ ಪರಿಚಯಕ್ಕೆಂದು ಕೊಟ್ಟಾರದ ಸಭಾಂಗಣವೊಂದರಲ್ಲಿ ಸಭೆ. ಕಂಪನಿಯ ಮುಖೇಶ್ ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ತೋರಿಸುತ್ತಿದ್ದಾಗ ಆಶಾಲತಾಳ ಮೊಬೈಲ್ ನಡುಗಿತು. ಸೆನ್ಸರಿನ ಮೆಸೇಜು: ಎಂಬತ್ತೆಂಟು ಡಿಗ್ರಿ. ಹೊರಗೆ ಓಡಿ, ಸಬ್‌ಸ್ಟೇಶನ್ನಿಗೆ ಫೋನ್ ಮಾಡಿ, ಅರ್ಧ ಲೋಡನ್ನು ಪಕ್ಕದ ಲೈನಿಗೆ ಹಾಕಿಸಿದಳು. ಸಭಾಂಗಣದ ಏಸಿ ಒಂದು ಕ್ಷಣವೂ ನಿಲ್ಲಲಿಲ್ಲ.

"ಎಲ್ಲಿಗೆ ಹೋದದ್ದು?" ಸರ್ವೋತ್ತಮರು ಗದರಿದರು.

"ಕೇಬಲ್ ಸುಡುವುದರಲ್ಲಿತ್ತು ಸರ್. ತಪ್ಪಿಸಿದೆ."

"ಸುಟ್ಟಿತಾ?"

"ಇಲ್ಲ."

"ಮತ್ತೆ? ಆಗದೇ ಇದ್ದದ್ದಕ್ಕೆ ರಿಪೋರ್ಟ್ ಬರೀಲಿಕ್ಕೆ ಆಗ್ತದಾ ಮಾರಾಯ್ರೆ?"

ಅವಳಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು. ಯಂತ್ರ ಮಂಜೂರಾಯಿತು. ಅದರ ತಂತಿ ಹಾಕಲು ಜಾಯಿಂಟುಗಳಿದ್ದ ಆರು ಕಡೆ ರಸ್ತೆ ಅಗೆದರು. ಆರೂ ಗುಂಡಿಗಳಿಗೆ ಅವಳು ಸದ್ದಿಲ್ಲದೆ ರಿಯಾಝನ ಸೆನ್ಸರ್ ಇಳಿಸಿದಳು.

ಆ ವರ್ಷ ಒಂದು ಕೇಬಲ್ಲೂ ಸುಡಲಿಲ್ಲ. ಯಂತ್ರದ ಯಶಸ್ಸಿಗಾಗಿ ಸರ್ವೋತ್ತಮರಿಗೆ ಶಾಲು, ಫಲಕ ಸಿಕ್ಕಿದವು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಆಶಾಲತಾ. ಯಂತ್ರ ಇನ್ನೂ ಸ್ಟೋರ್ ರೂಮಿನ ಪೆಟ್ಟಿಗೆಯಲ್ಲೇ ಇತ್ತು. ಅದನ್ನು ಬಿಚ್ಚುವುದಕ್ಕೆ ಬೇರೆ ಟೆಂಡರ್ ಆಗಬೇಕಿತ್ತು.