ಚೊಂಬಿನೊಳಗಿನ ಸಮುದ್ರ

ಕಾಶಿಯಿಂದ ತಂದ ಗಂಗೆ ಹತ್ತು ವರ್ಷವಾದರೂ ಕೆಡುವುದಿಲ್ಲ. ಹಾಗಿರುವಾಗ ಸಮುದ್ರದ ಬೆಳಕು ಹದಿನೈದು ದಿನಕ್ಕೆ ಕೆಟ್ಟೀತೆ? ಗಿರಿಜಾಂಬಾ ಯೋಚಿಸಿದ್ದು ಇಷ್ಟೇ. ಬಾಯಿಗೆ ಬೆಸುಗೆ ಹಾಕಿಸಿದ ತಾಮ್ರದ ಚೊಂಬನ್ನು ಮಡಿಲಲ್ಲೇ ಇಟ್ಟುಕೊಂಡು ಬೊಂಬಾಯಿಯಿಂದ ಮೈಸೂರಿನ ಸರಸ್ವತಿಪುರಂವರೆಗೂ ಬಂದಿದ್ದಳು.

ಬೊಂಬಾಯಿಯಲ್ಲಿದ್ದ ಅಣ್ಣನ ಮಗಳ ಮದುವೆಗೆ ಹೊರಟ ದಿನ, ಕಾಲು ಸ್ವಾಧೀನ ತಪ್ಪಿ ಮೂರು ವರ್ಷದಿಂದ ಹೊಸ್ತಿಲು ದಾಟದ ಅತ್ತೆ ಪುಟ್ಟಬಸಮ್ಮ ಹೇಳಿದ್ದು ಒಂದೇ ಮಾತು: “ನಾನಂತೂ ಸಮುದ್ರ ನೋಡ್ಲಿಲ್ಲ ಕಣಮ್ಮ. ನೀನು ನೋಡಿದ್ದನ್ನ ನನಗೂ ತೋರಿಸ್ಬೇಕು.”

“ತೋರಿಸ್ತೀನಿ ಅತ್ತೆ” ಎಂದು ಮಾತು ಕೊಟ್ಟುಬಿಟ್ಟಿದ್ದಳು.

ಮಂಗಳೂರಿನಲ್ಲಿ ಹತ್ತಿದ್ದು ಪುಟ್ಟ ಸ್ಟೀಮರು. ಮೊದಲ ಸಂಜೆಯೇ ಆಳುದ್ದದ ಮೀನುಗಳು ಪಂದ್ಯ ಕಟ್ಟಿದವರ ಹಾಗೆ ಹಡಗಿನ ಪಕ್ಕದಲ್ಲಿ ನೆಗೆನೆಗೆದು ಓಡಿದವು. ಮನೆಯಲ್ಲಿ ತಲೆ ದಿಂಬಿಗೆ ತಾಗಿದರೆ ಸಾಕು, ಗೊರಕೆ ಹೊಡೆಯುವವಳು ಆ ರಾತ್ರಿ ಡೆಕ್ಕಿನ ಮೇಲೆ ಕಣ್ಣು ಮುಚ್ಚಲಿಲ್ಲ. ಮೈಸೂರಿನಲ್ಲಿ ನಕ್ಷತ್ರಗಳು ಎದುರುಮನೆಯ ಹೆಂಚಿಗೇ ನಿಂತುಬಿಡುತ್ತವೆ. ಇಲ್ಲಿ ನೀರಿನ ಅಂಚಿನವರೆಗೆ ಇಳಿದು ಕಾಲು ತೊಳೆಯುತ್ತಿದ್ದವು. ಬಗ್ಗಿ ನೋಡಿದರೆ ಹಡಗು ಸೀಳಿದ ಅಲೆಯೆಲ್ಲ ನೀಲಿಯಾಗಿ ಉರಿಯುತ್ತಿತ್ತು, ದಸರೆಯ ರಾತ್ರಿ ಬನ್ನಿಮಂಟಪದಲ್ಲಿ ನಡೆಯುವ ಪಂಜಿನ ಕವಾಯತನ್ನು ಯಾರೋ ನೀರಿನಡಿ ನಡೆಸಿದಂತೆ! ಹಡಗಿನ ಆಳು ಖಲಾಸಿಯೊಬ್ಬನನ್ನು ಕಾಡಿ ಬೇಡಿ ಬಕೆಟ್ಟಿನಲ್ಲಿ ನೀರು ಸೇದಿಸಿದಳು. ಕೈಯಾಡಿಸಿದರೆ ಬೆರಳಿಗೆಲ್ಲ ಕಿಡಿ. ಆ ನೀರೇ ಈ ಚೊಂಬಿನಲ್ಲಿದ್ದದ್ದು.

ಮನೆಗೆ ಬಂದ ದಿನ ಸಂಜೆ ನಡುಮನೆಯ ದೀಪ ಆರಿಸಿ, ಸೌಟಿನ ಹಿಡಿಯಿಂದ ಬೆಸುಗೆ ಕಿತ್ತಳು. ನೋಡಲೆಂದು ಪಕ್ಕದ ಮನೆಯ ಇಂದ್ರಮ್ಮನೂ ಬಂದು ಕೂತಿದ್ದಳು. ಅತ್ತೆ ಉಸಿರು ಬಿಗಿಹಿಡಿದು ಬಗ್ಗಿದರು.

ಕಲಕಿದಳು. ಕತ್ತಲೆ. ಮತ್ತೆ ಕಲಕಿದಳು. ಬರೀ ನಾತ.

“ಏನ್ ಗಿರಿಜಾ, ಬೆಂಕಿ ಆರಿ ಹೊಗೆ ಮಾತ್ರ ಬಂತಾ?” ಇಂದ್ರಮ್ಮ ಸೆರಗಿನಿಂದ ಮೂಗು ಮುಚ್ಚಿ ಕಿಸಕ್ಕೆಂದಳು. “ನೀರಲ್ಲಿ ಬೆಂಕಿ ಅಂತೆ! ಕೇಳೋರು ಪೆದ್ದರಾದ್ರೆ ಸರಿ.”

ಗಿರಿಜಾಂಬಾ ಕಲಕುವುದನ್ನು ಬಿಟ್ಟಳು. ಕೊಟ್ಟ ಮಾತು ಚೊಂಬಿನಲ್ಲೇ ಕೊಳೆತು ಹೋಗಿತ್ತು.

ಅಷ್ಟರಲ್ಲಿ ಅತ್ತೆ, ತೀರ್ಥವೆಂಬಂತೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿಬಿಟ್ಟಿದ್ದರು.

“ಥೂ ಥೂ! ಉಪ್ಪೋ ಉಪ್ಪು!”

“ಉಪ್ಪುನೀರು ನಮ್ಮನೇಲೂ ಮಾಡ್ಬೋದು ಕಣ್ರೀ” ಎಂದಳು ಇಂದ್ರಮ್ಮ.

“ಮಾಡೇ ನೋಡಾಣ! ಉಪ್ಪು ಹಾಕ್ತೀಯ, ಈ ನಾತ ಎಲ್ಲಿಂದ ತರ್ತೀಯ?” ಪುಟ್ಟಬಸಮ್ಮ ಹೊಟ್ಟೆ ಹಿಡಿದು ನಕ್ಕರು. “ಸಮುದ್ರ ನಮ್ಮನೆಗೆ ಬಂದ್ಬುಟ್ಟದೆ. ಬೆಳಕೊಂದು ದಾರೀಲಿ ಇಳ್ಕೊಂಡಿದೆ, ಅಷ್ಟೇ.”

ಗಿರಿಜಾಂಬಾ ಕಣ್ಣೊರೆಸಿಕೊಂಡು ದೀಪ ಹಚ್ಚಲು ಎದ್ದಳು.

“ಬೇಡ, ಕತ್ಲೇನೇ ಇರ್ಲಿ” ಎಂದರು ಅತ್ತೆ. “ಕೂತ್ಕೊಂಡು ಹೇಳು. ಬಂದಾಗಲೇ ಅಂದ್ಯಲ್ಲ, ಆ ನೆಗೆಯೋ ಮೀನಿಂದ ಶುರು ಮಾಡು. ಒಂದೂ ಬಿಡ್ಬೇಡ.”

ಗಿರಿಜಾಂಬಾ ಶುರು ಮಾಡಿದಳು. ನಕ್ಷತ್ರಗಳು ಕಾಲು ತೊಳೆಯುವಲ್ಲಿಗೆ ಮಾತು ಬರುವ ಹೊತ್ತಿಗೆ, ಮೂಗಿನ ಮೇಲಿನ ಸೆರಗು ತೆಗೆದು, ಇಂದ್ರಮ್ಮನೂ ಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡಿದ್ದಳು.