ಎಳ್ಳುಕಾಳಿನಷ್ಟು ಕೆಪಾಸಿಟರ್

ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ಶವದ ಫ್ರೀಜರ್ ಪೆಟ್ಟಿಗೆ ಮೂರನೆಯ ಸಲ ನಿಂತಿತು. ಒಳಗಿದ್ದವರು ಮಂಚಯ್ಯ. ಪಾಂಡವಪುರದಲ್ಲಿ ಮೂವತ್ತೊಂದು ವರ್ಷ ಪವರ್ ಸಪ್ಲೈ ರಿಪೇರಿ ಅಂಗಡಿ ನಡೆಸಿದವರು. ಹಿಂದಿನ ಸಂಜೆ ಕಾಫಿ ಕುಡಿದು ಕುರ್ಚಿಯಲ್ಲೇ ತೀರಿಕೊಂಡಿದ್ದರು. ಹುಬ್ಬಳ್ಳಿಯಿಂದ ಹೊರಟಿದ್ದ ತಂಗಿ ಸಿದ್ದಲಿಂಗಮ್ಮ ಮುಟ್ಟುವುದು ಮೂರು ಗಂಟೆಗೆ. ಏಪ್ರಿಲ್ ಬಿಸಿಲು.

"ಕಂಪ್ರೆಸರ್ ಸ್ಟಾರ್ಟ್ ಆಗೋ ವತ್ಗೆ ಕಟ್ಟಾಯ್ತದೆ ಅಕ್ಕ," ಎಂದ, ಪೆಟ್ಟಿಗೆ ತಂದಿದ್ದ ನಾಗಮಂಗಲದ ದಿಲೀಪ್. "ಇನ್ನೊಂದು ಪೆಟ್ಗೆ ಎಲ್ಲೂ ಖಾಲಿ ಇಲ್ಲ."

"ಅಂಗಾದ್ರೆ ಅನ್ನೊಂದಕ್ಕೆ ಮಣ್ ಮಾಡ್ಬುಡನ," ಎಂದರು ಮಂಚಯ್ಯನವರ ಅಣ್ಣ ಬೋರಯ್ಯ.

"ಅತ್ತೆ ಮೊಕ ನೋಡದು ಬ್ಯಾಡ್ವಾ ದೊಡ್ಡಪ್ಪ?" ಮಗಳು ಅಂಬಿಕ ಸ್ಕ್ರೂಡ್ರೈವರ್ ತಂದಳು. ಅವಳು ಅಂಗಡಿಯಲ್ಲಿ ತಂದೆಯ ಪಕ್ಕ ಏಳು ವರ್ಷ ಕೆಲಸ ಮಾಡಿದವಳು.

"ಸಾವಿನ ಮನೇಲಿ ಮಗಳು ಕೆಲ್ಸ ಹಿಡಿತಾಳೇನವ್ವಾ?" ಎಂದರು ಬೋರಯ್ಯ.

"ಇನ್ನೇನು, ಅಪ್ಪನೇ ಎದ್ ಬಂದು ಮಾಡ್ತಾರಾ?"

ಯಾರೋ ನಕ್ಕರು. ಬೋರಯ್ಯ ಟವೆಲಿನಿಂದ ಬಾಯಿ ಮುಚ್ಚಿಕೊಂಡರು. ಅಂಬಿಕ ಪೆಟ್ಟಿಗೆಯ ಕೆಳಗಿನ ಪವರ್ ಸಪ್ಲೈ ಬಿಚ್ಚಿ ಬೋರ್ಡು ಹೊರತೆಗೆದಳು.

"ಐಸಿಲಿ ಕರೆಂಟ್ ಅಳ್ಯೋ ಕಾಲ್ನ ಶಾರ್ಟ್ ಮಾಡ್ಬುಡಿ ಅಕ್ಕ, ಕಟ್ಟಾಗ್ದೆ ಓಡ್ತದೆ," ಎಂದ ದಿಲೀಪ್.

ಅಂಬಿಕ ತಲೆಯಾಡಿಸಿ ಬೇಡವೆಂದಳು.

*

ಅಂಗಡಿಗೆ ಸೇರಿದ ವರ್ಷ ಅವಳೂ ಹಾಗೇ ಮಾಡಿದ್ದಳು. ಕ್ಯಾತನಹಳ್ಳಿ ಡೇರಿಯ ಹಾಲು ಪರೀಕ್ಷಿಸುವ ಯಂತ್ರ. ಮಂಚಯ್ಯ ಬೈಯಲಿಲ್ಲ, ಆ ಶಾರ್ಟನ್ನು ಅವಳ ಕೈಲೇ ಬಿಚ್ಚಿಸಿದರು.

"ಒಳಗಿನ ಸ್ವಿಚ್ಚು ಸೆಕೆಂಡ್ಗೆ ಸಾವಿರಾರು ಸಲ ಆನಾಯ್ತದೆ. ಆನಾದಾಗೆಲ್ಲ ಕರೆಂಟು ಒಂದ್ ಚಣ ಎಗರ್ತದೆ. ಕರ್ಯಾಕೆ ಕುಂತಾಗ ಹಸ ಒಂದ್ಸಲ ಕಾಲ್ ಒದರ್ತದಲ್ಲ, ಅಂಗೆ. ಈ ರೆಸಿಸ್ಟರು, ಈ ಕೆಪಾಸಿಟರು ಅದನ್ನ ನುಂಗ್ಕತವೆ. ಇಲ್ದಿದ್ರೆ ಲೋಡ್ ಬಿದ್ದೇಟ್ಗೆ ಐಸಿ ಎದ್ರಿ ನಿಲ್ಲಿಸ್ಬುಡ್ತದೆ."

"ಇನ್ನೂ ದೊಡ್ಡ ಕೆಪಾಸಿಟರ್ ಹಾಕಿದ್ರೆ?"

"ಆಗ ಕರೆಂಟು ನಿಜ್ವಾಗ್ಲೂ ಜಾಸ್ತಿಯಾಗಿ ಒದ್ರೂ ಐಸಿಗೆ ಗೊತ್ತಾಗಾಕಿಲ್ಲ. ಶಾರ್ಟ್ ಮಾಡಿದ್ರಂತೂ ಕೇಳ್ಲೇ ಬ್ಯಾಡ, ಸುಟ್ಟೋಯ್ತದೆ. ಈ ಕೆಪಾಸಿಟರ್ ಅಳತೆ ನಾನೂರೆಪ್ಪತ್ತು ಪಿಕೋ. ಅಷ್ಟೇ."

*

ಭೂತಗನ್ನಡಿಯಲ್ಲಿ ನೋಡಿದರೆ ಪೆಟ್ಟಿಗೆಯ ಬೋರ್ಡಿನಲ್ಲಿ ಎಳ್ಳುಕಾಳಿನಷ್ಟಿದ್ದ ಕೆಪಾಸಿಟರ್ ಅಡ್ಡಕ್ಕೆ ಸೀಳಿಹೋಗಿತ್ತು. ಅಂಬಿಕ ತಂದೆಯ ಬಿಸ್ಕತ್ ಡಬ್ಬಿಯಿಂದ ಅದೇ ಅಳತೆಯದನ್ನು ಹುಡುಕಿ ತೆಗೆದಳು. ಸೋಲ್ಡರಿಂಗ್ ಐರನ್ ಕಾಯುವಷ್ಟರಲ್ಲಿ ಬೋರಯ್ಯ ಪಕ್ಕಕ್ಕೆ ಬಂದು ಕೂತು ಮೊಬೈಲ್ ಟಾರ್ಚ್ ಹಿಡಿದರು. ಅಂಬಿಕ ಸೀಳಿದ್ದನ್ನು ತೆಗೆದು ಹೊಸದನ್ನು ಬೆಸೆದಳು.

ಹತ್ತೂ ಐದಕ್ಕೆ ಕಂಪ್ರೆಸರ್ ಹೊರಟಿತು. ಹತ್ತು ನಿಮಿಷ ಕಳೆದರೂ ನಿಲ್ಲಲಿಲ್ಲ.

"ನನ್ ತಮ್ಮ ಇದ್ದಿದ್ರೆ ಇಷ್ಟೊತ್ತು ಬೇಕಿತ್ತೇನ್ಲಾ?" ಎಂದರು ಬೋರಯ್ಯ, ದಿಲೀಪನಿಗೆ.

"ಇನ್ನೂ ಜಾಸ್ತಿ ಬೇಕಿತ್ತು ದೊಡ್ಡಪ್ಪ," ಎಂದಳು ಅಂಬಿಕ. "ಮಧ್ಯ ಮೂರ್ ಟೀ ಕುಡೀತಿದ್ರು."

ಸಿದ್ದಲಿಂಗಮ್ಮ ಬಂದಾಗ ಮೂರೂ ಹತ್ತು. ಗಾಜಿನ ಮೇಲಿನ ಮಂಜನ್ನು ಸೆರಗಿನಿಂದ ಒರೆಸಿ ಬಹಳ ಹೊತ್ತು ನೋಡಿದರು. "ಮಲ್ಗವ್ನೆ ನಮ್ಮಣ್ಣ," ಎಂದರು.

ನಾಲ್ಕೂವರೆಗೆ ಮಣ್ಣು ಮಾಡಿದರು. ಅಲ್ಲಿಂದ ದಿಲೀಪ್ ಪೆಟ್ಟಿಗೆಯನ್ನು ಕೆ.ಆರ್.ಪೇಟೆಯ ಇನ್ನೊಂದು ಮನೆಗೆ ಕೊಂಡೊಯ್ದ. ಅಲ್ಲಿ ಅದು ಎರಡು ದಿನ ನಿಲ್ಲದೆ ಓಡಿತು.